ಬೇಡದ ಶ್ರುತಿ

ಚಿಕ್ಕಪ್ಪ ಬಯಲಾಟಕ್ಕೆ ಹೋಗಿ ರೆಕಾರ್ಡ್ ಮಾಡಿಕೊಂಡು ಬಂದ ಕ್ಯಾಸೆಟ್‌ಗಳು ನನ್ನ ಹತ್ತಿರ 37 ಇವೆ. ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿ ಇಟ್ಟಿದ್ದೇನೆ. ಅದರಲ್ಲಿ ಒಂದು ನನ್ನನ್ನು ತಿಂಗಳುಗಟ್ಟಲೆ ಕಾಡಿತು. ಅದರ ಮೇಲೆ ಚಿಕ್ಕಪ್ಪನ ಅಕ್ಷರದಲ್ಲಿ "ಆಟ, ಫೆಬ್ರವರಿ, 3ನೇದು" ಅಂತಷ್ಟೇ ಬರೆದಿದೆ. ಸುಮಾರು 11ನೇ ನಿಮಿಷದಲ್ಲಿ ಚಂಡೆ ನಿಲ್ಲುತ್ತದೆ. ಭಾಗವತರು ಮುಂದಿನ ಪದ ಎತ್ತಿಕೊಳ್ಳುವ ಮೊದಲು ನಾಲ್ಕೈದು ಸೆಕೆಂಡು ಬರೀ ಶ್ರುತಿ. ಯಾರೋ ಕೆಮ್ಮುತ್ತಾರೆ. ದೂರದಲ್ಲಿ ಒಂದು ನಾಯಿ ಬೊಗಳುತ್ತದೆ. ಆ ಖಾಲಿ ಜಾಗದಲ್ಲಿ ನನಗೆ ಇನ್ನೊಂದು ಸದ್ದು ಕೇಳಿಸುತ್ತಿತ್ತು. ತೊಟ್ಟಿಲು ತೂಗಿದ ಹಾಗೆ ಏಳುವುದು, ಬೀಳುವುದು. ಸೆಕೆಂಡಿಗೆ ಹತ್ತಿರ ಹತ್ತಿರ ಎರಡು ಸಲ. ಅದೇ ಫೈಲನ್ನು ಫೋನಿನಲ್ಲಿ ಹೆಡ್‌ಫೋನ್ ಹಾಕಿ ಕೇಳಿದರೆ ತೂಗಾಟ ಇಲ್ಲ, ಸಣ್ಣದೊಂದು ಗುಂಯ್ ಮಾತ್ರ. ನಾನೇ ಮಾಡಿದ ಡ್ಯಾಕ್‌ನಲ್ಲಿ (ಡಿಜಿಟಲ್ ಫೈಲಿನ ಅಂಕಿಗಳನ್ನು ಸದ್ದಿನ ಸಿಗ್ನಲ್ ಆಗಿ ತಿರುಗಿಸುವ ಪೆಟ್ಟಿಗೆ) ಕೇಳಿದಾಗ ಮಾತ್ರ ತೊಟ್ಟಿಲು ತೂಗುತ್ತಿತ್ತು.

ಆ ಡ್ಯಾಕ್ ನಾನು ಮಾಡಿದ ಮೊದಲನೆಯದು. ಫಿಲಿಪ್ಸ್‌ನ ಹಳೆಯ ಟಿಡಿಎ1543, 8 ಕಾಲಿನ ಪುಟ್ಟ ಐಸಿ, ಅಂದರೆ ಚಿಪ್. ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರಿನಿಂದ ಮೂರು ತಂತಿ ಎಳೆದು, 5 ವೋಲ್ಟಿಗೆ ಒಂದು 7805 ರೆಗ್ಯುಲೇಟರ್ ಹಾಕಿ, ಟ್ರಾನ್ಸ್‌ಫಾರ್ಮರನ್ನೂ ಅದೇ ತಗಡಿನ ಡಬ್ಬಿಯಲ್ಲಿ ಕೂರಿಸಿದ್ದೆ. ಹಾಡು ಬಂತು. ಮೊದಲ ದಿನ ಅಷ್ಟೇ ಸಾಕಾಗಿತ್ತು.

ಫೈಲನ್ನು ಸ್ಪೆಕ್ಟ್ರಮ್ ತೋರಿಸುವ ಪ್ರೋಗ್ರಾಮಿಗೆ ಹಾಕಿದಾಗ ವಿಷಯ ಗೊತ್ತಾಯಿತು. ಆಟದ ದಿನ ಟೆಂಟಿಗೆ ಕರೆಂಟು ಜನರೇಟರಿನಿಂದ. ಮೈಕ್ ಸೆಟ್ಟಿನ ಹಮ್, ಅಂದರೆ ಕರೆಂಟಿನ ಗುಂಯ್, ಕ್ಯಾಸೆಟ್ಟಿನೊಳಗೇ ಕೂತಿದೆ. ಅದು 97ರಿಂದ 99 ಹರ್ಟ್ಸ್ ನಡುವೆ ಇತ್ತು. ನನ್ನ ಡ್ಯಾಕ್‌ನ ಹಮ್ ಸರಿಯಾಗಿ 100. ಎರಡು ಹತ್ತಿರದ ಸ್ವರ ಒಟ್ಟಿಗೆ ನುಡಿದರೆ ಸದ್ದು ಅಲೆಅಲೆಯಾಗುತ್ತದೆ, ತಂಬೂರಿ ಶ್ರುತಿ ಮಾಡುವವರಿಗೆ ಇದು ದಿನಾ ಕಿವಿಗೆ ಬೀಳುವ ಸಂಗತಿ. ಇಲ್ಲೂ ಅದೇ. ಹೊನ್ನಾವರದ ಹತ್ತಿರದ ಗದ್ದೆಯ ಜನರೇಟರೂ ನನ್ನ ಬೆಂಗಳೂರಿನ ಮನೆಯ ಕರೆಂಟೂ ಅಪಸ್ವರದಲ್ಲಿ ಜೊತೆಗೂಡಿದ್ದವು. ಹಾಡಿನ ನಡುವೆ ಪಾಸ್ ಒತ್ತಿದರೆ ತೂಗಾಟ ನಿಂತು ನನ್ನ ಹಮ್ ಒಂದೇ ಉಳಿಯುತ್ತಿತ್ತು. ಅಂದರೆ ಆ ರಾತ್ರಿಯ ಸದ್ದು ಯಾವುದು, ನಾನು ಸೇರಿಸಿದ್ದು ಯಾವುದು ಅಂತ ಬೇರೆ ಮಾಡಿ ತೋರಿಸಲು ಒಂದು ಬಟನ್ ಸಾಕಾಗಿತ್ತು.

ಎರಡನೆಯ ಡ್ಯಾಕ್‌ಗೆ ಪಾರ್ಟ್ಸ್ ಪಟ್ಟಿ ಬರೆಯಲು ಕೂತದ್ದು ಆಮೇಲೆ. ಈ ಬರಹ ಆ ಪಟ್ಟಿಯ ಬಗ್ಗೆ. ಅದು ಮುಗಿಯಲು ನಾನು ಅಂದುಕೊಂಡದ್ದಕ್ಕಿಂತ ಬಹಳ ಜಾಸ್ತಿ ದಿನ ಹಿಡಿಯಿತು.

ಟ್ರಾನ್ಸ್‌ಫಾರ್ಮರ್ ತಿರುಗಿಸಿದ ರಾತ್ರಿ

ಹೊಸದು ಮಾಡುವ ಮೊದಲು ಹಳೆಯದರಲ್ಲಿ ಹಮ್ ಎಲ್ಲಿಂದ ಬರುತ್ತಿದೆ ಅಂತ ನೋಡಬೇಕು ಅನ್ನಿಸಿತು. ಒಂದು ರಾತ್ರಿ, ಬೀದಿಯ ಸದ್ದೆಲ್ಲ ಅಡಗಿದ ಮೇಲೆ, ಡಬ್ಬಿ ಬಿಚ್ಚಿದೆ. ಪ್ಲಗ್ ತೆಗೆದು ಟ್ರಾನ್ಸ್‌ಫಾರ್ಮರಿನ ಸ್ಕ್ರೂ ಕಳಚಿದೆ. 230 ವೋಲ್ಟಿನ ತುದಿಗಳಿಗೆಲ್ಲ ಸ್ಲೀವ್ ಹಾಕಿ ಮುಚ್ಚಿದೆ. ಅದನ್ನು ಒಂದು ಮರದ ತುಂಡಿಗೆ ಕಟ್ಟಿ ಮತ್ತೆ ಆನ್ ಮಾಡಿದೆ. ಹೆಡ್‌ಫೋನ್ ಕಿವಿಯಲ್ಲಿತ್ತು. ಮರದ ತುಂಡನ್ನು ಹಿಡಿದು ಮೆಲ್ಲಗೆ ತಿರುಗಿಸಿದೆ. ತಳದ ಗುಂಯ್ ಕಮ್ಮಿಯಾಗುತ್ತಾ ಬಂತು, ಒಂದು ಜಾಗದಲ್ಲಿ ಹತ್ತಿರ ಹತ್ತಿರ ಇಲ್ಲವಾಯಿತು, ಇನ್ನೂ ತಿರುಗಿಸಿದಾಗ ಮತ್ತೆ ಏರಿತು. ಟ್ರಾನ್ಸ್‌ಫಾರ್ಮರಿನಿಂದ ಹೊರಗೆ ಸೋರುವ ಕಾಂತಕ್ಷೇತ್ರ ನನ್ನ ಬೋರ್ಡಿನ ತಂತಿಗಳಲ್ಲಿ ಕರೆಂಟು ಹುಟ್ಟಿಸುತ್ತಿತ್ತು. ಇದನ್ನೆಲ್ಲ ಪುಸ್ತಕದಲ್ಲಿ ಓದಿದ್ದೆ. ಆದರೆ ಕೈ ತಿರುಗಿಸಿದಂತೆ ಕಿವಿಯಲ್ಲಿ ಸದ್ದು ಏರಿ ಇಳಿದಾಗ ಮೈ ಜುಂ ಅಂದಿತು.

ತಳದ ಗುಂಯ್ ಹೋದ ಮೇಲೂ ಇನ್ನೊಂದು ಉಳಿಯಿತು. ಸ್ವಲ್ಪ ಮೇಲಿನದು, ಜೇನುಹುಳದ ಹಾಗೆ ಒರಟು. ಎಷ್ಟು ತಿರುಗಿಸಿದರೂ ಅದು ಬದಲಾಗಲಿಲ್ಲ. ಇದು 100 ಹರ್ಟ್ಸಿನದು, ಡಯೋಡ್‌ಗಳಿಂದ ಬರುವುದು. ರೆಕ್ಟಿಫೈಯರ್ (ಎಸಿಯನ್ನು ಡಿಸಿ ಮಾಡುವ ಡಯೋಡ್‌ಗಳು) ಆದಮೇಲಿನ ದೊಡ್ಡ ಕೆಪಾಸಿಟರ್ ಕರೆಂಟನ್ನು ಸಮವಾಗಿ ಎಳೆಯುವುದಿಲ್ಲ. ಸೆಕೆಂಡಿಗೆ 100 ಸಲ ಗಬಕ್ಕನೆ ಗುಟುಕರಿಸುತ್ತದೆ. ನಾನು ಆ ಕೆಪಾಸಿಟರಿನ ಗ್ರೌಂಡನ್ನೂ ಐಸಿಯ ಗ್ರೌಂಡನ್ನೂ ಒಂದೇ ಉದ್ದ ತಂತಿಯಲ್ಲಿ ಸಾಲಾಗಿ ಕಟ್ಟಿದ್ದೆ. ಆ ಗುಟುಕು ಹಾಡಿನ ಗ್ರೌಂಡಿನ ಮೂಲಕವೇ ಹಾದುಹೋಗುತ್ತಿತ್ತು. ಪ್ಲಗ್ ತೆಗೆದು, ತಂತಿ ಕತ್ತರಿಸಿ, ಎರಡನ್ನೂ ಬೇರೆ ಬೇರೆಯಾಗಿ ಒಂದೇ ಬಿಂದುವಿಗೆ ತಂದು ಸೋಲ್ಡರ್ ಮಾಡಿದೆ. ಜೇನುಹುಳ ಹಾರಿಹೋಯಿತು. ಪೂರ್ತಿ ಅಲ್ಲ, ಮುಕ್ಕಾಲು ಪಾಲು.

ಆ ರಾತ್ರಿ ಹಾರ್ಮೋನಿಯಂ ತೆಗೆದು ನೋಡಿದೆ. 100 ಹರ್ಟ್ಸ್ ಅಂದರೆ ಬಿಳಿ ಐದರ ಕೆಳ ಸ್ಥಾಯಿ, ಅದಕ್ಕಿಂತ ಕೂದಲೆಳೆ ಮೇಲೆ. 50 ಅದರ ಕೆಳಗಿನ ಷಡ್ಜ. 150 ಅದರ ಪಂಚಮ. ಸ, ಸ, ಪ. ಕರೆಂಟು ತನ್ನದೇ ತಂಬೂರಿ ಹಿಡಿದು ಕೂತಿದೆ. ಕ್ಯಾಸೆಟ್ಟಿನ ಭಾಗವತರ ಶ್ರುತಿ ಕಪ್ಪು ಮೂರು. ಎರಡಕ್ಕೂ ಯಾವ ಸಂಬಂಧವೂ ಇಲ್ಲ. ಟೇಪಿನ ಹಿಸ್ ಸದ್ದು ಎಷ್ಟೇ ಜೋರಿದ್ದರೂ ಕಿವಿ ಅದನ್ನು ಮಳೆಯ ಹಾಗೆ ಮರೆತುಬಿಡುತ್ತದೆ, ಯಾಕೆಂದರೆ ಅದಕ್ಕೆ ಸ್ವರ ಇಲ್ಲ. ಹಮ್ ಎಷ್ಟು ಸಣ್ಣದಿದ್ದರೂ ಸ್ವರ. ಹಾಡುವವರ ಪಕ್ಕದಲ್ಲಿ ಕೂತು ಬೇರೆ ಶ್ರುತಿ ಹಿಡಿದ ಹಾಗೆ. ಅದಕ್ಕೇ ಅದು ಅಷ್ಟು ಕಾಡುವುದು ಅಂತ ನನಗೆ ಅನ್ನಿಸಿತು.

ತಲೆಕೆಳಗಾದ ಪಟ್ಟಿ

ಪಟ್ಟಿಯ ಮೊದಲ ಸಾಲಿನಲ್ಲಿ ನಾನು ಬರೆದಿದ್ದದ್ದು ಐಸಿಯ ಹೆಸರು. ಎಲ್ಲರೂ ಹಾಗೇ ಬರೆಯುತ್ತಾರೆ, ಅಲ್ವಾ? ಜನ ಕೇಳುವುದೂ ಅದನ್ನೇ, ಯಾವ ಚಿಪ್ ಹಾಕಿದ್ದೀಯ ಅಂತ. 2020ರಲ್ಲಿ ನಾನು ಬರೆದಿದ್ದು ಜಪಾನಿನ ಎಕೆಎಂ ಕಂಪನಿಯ ಎಕೆ4490. ಆ ವರ್ಷ ಅಕ್ಟೋಬರ್‌ನಲ್ಲಿ ಮಿಯಾಝಾಕಿ ಪ್ರಾಂತ್ಯದ ನೊಬೆಒಕದಲ್ಲಿರುವ ಅವರ ಫ್ಯಾಕ್ಟರಿಗೆ ಬೆಂಕಿ ಬಿತ್ತು. ಐಸಿಗಳು ಮಾರುಕಟ್ಟೆಯಿಂದ ಕಾಣೆಯಾದವು. ಸಿಕ್ಕಲ್ಲಿ ಬೆಲೆ ಕೈಗೆಟುಕುವಂತಿರಲಿಲ್ಲ. ಪಟ್ಟಿ ಅಲ್ಲಿಗೇ ನಿಂತಿತು.

ಆಮೇಲೆ ಆ ಜಾಗದಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಪಿಸಿಎಂ1794ಎ ಬರೆದೆ. ಮೂಲತಃ ಬರ್-ಬ್ರೌನ್ ಮನೆತನದ ಐಸಿ. 2000ದಲ್ಲಿ ಟಿಐ ಆ ಕಂಪನಿಯನ್ನು ಕೊಂಡಿತು. (ಟಿಐ 1985ರಲ್ಲೇ ಬೆಂಗಳೂರಿಗೆ ಬಂದ ಕಂಪನಿ. ಈ ಊರಿನ ಹುಡುಗ ಹುಡುಗಿಯರು ಚಿಪ್ ಡಿಸೈನ್ ಕಲಿತದ್ದರಲ್ಲಿ ಅದರ ಪಾಲು ದೊಡ್ಡದು. ಅದರ ಐಸಿಯನ್ನು ಕೈಯಲ್ಲಿ ಹಿಡಿದಾಗ ನನಗೆ ಒಂದು ಸಣ್ಣ ಹತ್ತಿರದ ಭಾವನೆ ಬರುತ್ತದೆ.) ಒಂದು ಸಾಲು ಬದಲಿಸಿದರೆ ಮುಗಿಯಿತು ಅಂದುಕೊಂಡಿದ್ದೆ. ಎಕೆ4490 ಹೊರಗೆ ಕೊಡುವುದು ವೋಲ್ಟೇಜು. ಪಿಸಿಎಂ1794ಎ ಕೊಡುವುದು ಕರೆಂಟು. ಆ ಕರೆಂಟನ್ನು ವೋಲ್ಟೇಜಾಗಿ ತಿರುಗಿಸಲು ಒಂದೊಂದು ಚಾನೆಲ್‌ಗೆ ಎರಡೆರಡು ಆಪ್‌ಆಂಪ್ (ಸಿಗ್ನಲ್ ವರ್ಧಿಸುವ ಐಸಿ) ಬೇಕು. ಆಮೇಲೆ ಆ ಎರಡನ್ನು ಕಳೆದು ಒಂದಾಗಿಸಲು ಇನ್ನೊಂದು. ಎಡ ಬಲ ಸೇರಿ ಒಟ್ಟು ಆರು. ಆಪ್‌ಆಂಪ್ ಬಂತು ಅಂದರೆ ಪ್ಲಸ್ ಮೈನಸ್ ಎರಡೂ ಕಡೆಯ ಸಪ್ಲೈ ಬೇಕು. ಅದಕ್ಕೆ ನಡುವೆ ತಂತಿ ಇರುವ ಟ್ರಾನ್ಸ್‌ಫಾರ್ಮರ್ ಬೇಕು. ಅದು ದೊಡ್ಡದಾಯಿತು, ಡಬ್ಬಿ ಸಾಲದು. ಒಂದು ಹೆಸರು ಬದಲಿಸಿದ್ದಕ್ಕೆ ಪಟ್ಟಿಯ ಇಪ್ಪತ್ತು ಸಾಲು ಅಳಿಸಿ ಬರೆದೆ.

ಆಗ ಪಟ್ಟಿಯನ್ನು ತಲೆಕೆಳಗು ಮಾಡಿದೆ. ಗೋಡೆಯ ಪ್ಲಗ್‌ನಿಂದ ಶುರು ಮಾಡಿ ಐಸಿಯ ಕಡೆಗೆ ಬಂದೆ. ಟ್ರಾನ್ಸ್‌ಫಾರ್ಮರ್ ತಿರುಗಿಸಿದ ರಾತ್ರಿಯ ಪಾಠ ಮೊದಲ ಸಾಲಿನಲ್ಲೇ ಬಂತು: ಎರಡು ಡಬ್ಬಿ. ಒಂದರಲ್ಲಿ ಟ್ರಾನ್ಸ್‌ಫಾರ್ಮರ್, ಫ್ಯೂಸ್, ಡಯೋಡ್, ದೊಡ್ಡ ಕೆಪಾಸಿಟರ್. ಆ ಗುಟುಕು ಕರೆಂಟು ಅಲ್ಲೇ ಸುತ್ತಿಕೊಂಡು ಅಲ್ಲೇ ಇರಲಿ. ಅಲ್ಲಿಂದ ಒಂದು ಮೀಟರ್ ಕೇಬಲ್‌ನಲ್ಲಿ ಸಮಾಧಾನವಾದ ಡಿಸಿ ಮಾತ್ರ ಎರಡನೆಯ ಡಬ್ಬಿಗೆ ಬರುತ್ತದೆ. ಟ್ರಾನ್ಸ್‌ಫಾರ್ಮರ್ ಟೊರಾಯ್ಡಲ್, ಬಳೆಯಾಕಾರದ್ದು. ಅದರಿಂದ ಹೊರಗೆ ಸೋರುವುದು ಕಮ್ಮಿ. ಕೂರಿಸುವಾಗ ಒಂದು ಎಚ್ಚರ ಬೇಕು: ನಡುವಿನ ಬೋಲ್ಟಿನ ಎರಡು ತುದಿಯೂ ಒಟ್ಟಿಗೆ ಲೋಹದ ಡಬ್ಬಿಗೆ ತಾಗಬಾರದು. ತಾಗಿದರೆ ಬೋಲ್ಟು ಡಬ್ಬಿ ಸೇರಿ ಒಂದು ಶಾರ್ಟ್ ಆದ ಸುತ್ತು ಆಗುತ್ತದೆ, ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು. ಫ್ಯೂಸ್ ಸ್ಲೋ-ಬ್ಲೋ ಇರಬೇಕು, ಯಾಕೆಂದರೆ ಟೊರಾಯ್ಡ್ ಆನ್ ಆದ ಕ್ಷಣ ಜೋರಾಗಿ ಕರೆಂಟು ಎಳೆಯುತ್ತದೆ. ಡಬ್ಬಿಗೆ ಅರ್ಥಿಂಗ್ ಕಡ್ಡಾಯ. ಈ ಮೂರು ಸಾಲುಗಳನ್ನು ಕೆಂಪು ಬಣ್ಣದಲ್ಲಿ ಬರೆದೆ.

ಊರಿನ 190 ವೋಲ್ಟ್

ಈ ಡ್ಯಾಕ್ ಕೊನೆಗೆ ಹೋಗುವುದು ಊರಿಗೆ, ಚಿಕ್ಕಪ್ಪನ ಮನೆಗೆ. ಬೇಸಿಗೆಯ ಸಂಜೆ, ತೋಟದ ಪಂಪುಗಳೆಲ್ಲ ಓಡುವಾಗ, ಅಲ್ಲಿ ಮೀಟರ್ ಹಿಡಿದರೆ 190 ತೋರಿಸುತ್ತದೆ. ಇದನ್ನು ನಾನು ಮೊದಲು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಎಲ್ಲರೂ ಆಪ್‌ಆಂಪ್‌ಗೆ ಪ್ಲಸ್ ಮೈನಸ್ 15 ವೋಲ್ಟ್ ಕೊಡುತ್ತಾರೆ, ನಾನೂ ಹಾಗೇ ಬರೆದಿದ್ದೆ. 15-0-15 ಟ್ರಾನ್ಸ್‌ಫಾರ್ಮರ್, ವೋಲ್ಟೇಜನ್ನು ಒಂದೇ ಮಟ್ಟದಲ್ಲಿ ಹಿಡಿದಿಡಲು ಎಲ್‌ಎಂ317 ಮತ್ತು ಎಲ್‌ಎಂ337 ರೆಗ್ಯುಲೇಟರ್.

ಲೆಕ್ಕ ಹಾಕಿ ನೋಡಿ. 230 ಇದ್ದಾಗ 15 ವೋಲ್ಟ್ ಎಸಿಯ ತುದಿ 21.2. ಒಂದು ಡಯೋಡಿಗೆ 0.7 ಹೋದರೆ 20.5. ಸರಿ, ರೆಗ್ಯುಲೇಟರಿಗೆ ಬೇಕಾದಷ್ಟು ಜಾಗ ಇದೆ. 190ಕ್ಕೆ ಇಳಿದಾಗ ಆ 21.2 ಅನ್ನುವುದು 17.5 ಆಗುತ್ತದೆ. ಡಯೋಡ್ ಕಳೆದರೆ 16.8. 2200 ಮೈಕ್ರೊಫ್ಯಾರಡ್ ಕೆಪಾಸಿಟರಿನಿಂದ 100 ಮಿಲಿಆಂಪ್ ಎಳೆದರೆ ಪ್ರತಿ ಗುಟುಕಿನ ನಡುವೆ ಇನ್ನೂ 0.45 ವೋಲ್ಟ್ ಕುಸಿಯುತ್ತದೆ. ಉಳಿದದ್ದು 16.4. ಅಲ್ಲಿಂದ 15 ವೋಲ್ಟ್ ಕೊಡು ಅಂದರೆ ಎಲ್‌ಎಂ317 ಪಾಪ ಏನು ಮಾಡೀತು? ಅದಕ್ಕೆ ಸುಮಾರು 2 ವೋಲ್ಟ್ ಅಂತರ ಬೇಕು. ಅಷ್ಟು ಇಲ್ಲದಿದ್ದರೆ ಅದು ಕೈಚೆಲ್ಲಿ ಆ ಏರಿಳಿತವನ್ನು ಹಾಗೇ ಒಳಗೆ ಬಿಡುತ್ತದೆ. ಏರಿಳಿತ ಎಷ್ಟರದು? 100 ಹರ್ಟ್ಸ್. ಬೆಂಗಳೂರಿನಲ್ಲಿ ಓಡಿಸಿದ ಹಮ್ ಊರಿನಲ್ಲಿ ಸಂಜೆಯಾದ ಕೂಡಲೇ ವಾಪಸ್ ಬಂದು ಕೂರುತ್ತಿತ್ತು.

ಹಾಗಾಗಿ ಇನ್ನೊಂದು ತುದಿಯಿಂದ ಕೇಳಿಕೊಂಡೆ: 15 ಯಾಕೆ ಬೇಕು? ಪಿಸಿಎಂ1794ಎ ಹೊರಬಿಡುವ ಕರೆಂಟು ಹೆಚ್ಚೆಂದರೆ 10.1 ಮಿಲಿಆಂಪ್, ಕಮ್ಮಿಯೆಂದರೆ 2.3. 750 ಓಮ್ ರೆಸಿಸ್ಟರ್ ಇಟ್ಟರೆ ಅತಿ ಎತ್ತರ 7.6 ವೋಲ್ಟ್. ಪ್ಲಸ್ ಮೈನಸ್ 12 ಧಾರಾಳ ಸಾಕು. ಟ್ರಾನ್ಸ್‌ಫಾರ್ಮರ್ ಅದೇ ಇರಲಿ, ರೆಗ್ಯುಲೇಟರ್ 12ಕ್ಕೆ ಇಳಿಯಲಿ. ಊರಿನ ಸಂಜೆಯಲ್ಲೂ ನಾಲ್ಕು ವೋಲ್ಟಿಗಿಂತ ಜಾಸ್ತಿ ಅಂತರ ಉಳಿಯುತ್ತದೆ. ರಾತ್ರಿ ಪಂಪುಗಳು ನಿಂತು 250ಕ್ಕೆ ಏರಿದಾಗ ಕೆಪಾಸಿಟರ್ ಸಿಡಿಯಬಾರದು, ಅದಕ್ಕೆ 25 ವೋಲ್ಟಿನದ್ದನ್ನು ಹೊಡೆದುಹಾಕಿ 35 ಅಂತ ಬರೆದೆ.

ಐಸಿಯ 5 ವೋಲ್ಟಿಗೆ ಮಾತ್ರ ದುಡ್ಡು ಖರ್ಚು ಮಾಡುವುದು ಅಂತ ತೀರ್ಮಾನಿಸಿದೆ. 2 ವೋಲ್ಟ್ ಆರ್‌ಎಂಎಸ್ ಔಟ್‌ಪುಟ್ ಅಂದರೆ ತುದಿಯಿಂದ ತುದಿಗೆ 5.66 ವೋಲ್ಟ್. ಅದನ್ನು 16 ಬಿಟ್‌ನ 65,536 ಮೆಟ್ಟಿಲುಗಳಾಗಿ ಹಂಚಿದರೆ ಒಂದು ಮೆಟ್ಟಿಲು 86 ಮೈಕ್ರೊವೋಲ್ಟ್. ಎಲ್‌ಎಂ317 5 ವೋಲ್ಟ್ ಕೊಡುವಾಗ ಅದರ ಸ್ವಂತ ಗದ್ದಲವೇ ಸುಮಾರು 150 ಮೈಕ್ರೊವೋಲ್ಟ್. ಅದೆಲ್ಲ ಹಾಗೇ ಹಾಡಿಗೆ ಇಳಿಯುವುದಿಲ್ಲ, ಆದರೆ ಈ 5 ವೋಲ್ಟೇ ಐಸಿಗೆ ಅಳತೆಗೋಲು. ಅಳತೆಗೋಲು ಅಲ್ಲಾಡಿದರೆ ಅಳೆದದ್ದೂ ಅಲ್ಲಾಡುತ್ತದೆ. ಎಲ್‌ಟಿ3042 ಅನ್ನುವ ರೆಗ್ಯುಲೇಟರಿನ ಗದ್ದಲ 0.8 ಮೈಕ್ರೊವೋಲ್ಟ್. ಅದನ್ನು 12 ವೋಲ್ಟ್ ದಾಟಿದ ಮೇಲೆ ಇಡಬೇಕು, ನೇರವಾಗಿ ದೊಡ್ಡ ಕೆಪಾಸಿಟರಿಗೆ ಹಚ್ಚಿದರೆ ಅದರ ಮಿತಿಯಾದ 20 ವೋಲ್ಟನ್ನು ಮೀರಿ ಸತ್ತುಹೋಗುತ್ತದೆ. ಆಪ್‌ಆಂಪ್‌ಗಳು ಸಪ್ಲೈಯ ಗದ್ದಲವನ್ನು ತಾವೇ ತಳ್ಳಿಹಾಕುತ್ತವೆ, ಅವುಗಳಿಗೆ ಎಲ್‌ಎಂ317 ಸಾಕು.

ಈ ಲೆಕ್ಕ ಇನ್ನೊಂದು ಆಸೆಯನ್ನೂ ಇಳಿಸಿತು. 24 ಬಿಟ್‌ನಲ್ಲಿ ಒಂದು ಮೆಟ್ಟಿಲು 0.34 ಮೈಕ್ರೊವೋಲ್ಟ್. ಒಂದು 1 ಕಿಲೋಓಮ್ ರೆಸಿಸ್ಟರ್ ಏನೂ ಮಾಡದೆ ಸುಮ್ನೆ ಮೇಜಿನ ಮೇಲೆ ಬಿದ್ದಿದ್ದರೂ, ಕೋಣೆಯ ಬಿಸಿಗೇ, ಕಿವಿಗೆ ಕೇಳುವ ಹರವಿನಲ್ಲಿ 0.57 ಮೈಕ್ರೊವೋಲ್ಟ್ ಗದ್ದಲ ಮಾಡುತ್ತದೆ. 32 ಬಿಟ್ ಅಂತ ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಬರೆದದ್ದು ಕಂಡಾಗ ನಾನು ಈಗ ಆ ರೆಸಿಸ್ಟರನ್ನು ನೆನೆಯುತ್ತೇನೆ.

ಎಸ್.ಪಿ. ರೋಡಿನ ಕೌಂಟರ್

ಸಣ್ಣಪುಟ್ಟದ್ದಕ್ಕೆ ಎಸ್.ಪಿ. ರೋಡಿಗೆ ಹೋದೆ. ಅಲ್ಲಿ ನನಗೆ ಈಗಲೂ ಹಬ್ಬದ ಸಂತೆಗೆ ಹೋದ ಹಾಗೆ ಆಗುತ್ತದೆ. ಎರಡು ಮೊಳ ಅಗಲದ ಕೌಂಟರ್, ಹಿಂದೆ ನೆಲದಿಂದ ಚಾವಣಿವರೆಗೆ ಪುಟ್ಟ ಪುಟ್ಟ ಡ್ರಾಯರ್. ಹುಡುಗ ಪಟ್ಟಿ ನೋಡುವುದೂ ಇಲ್ಲ. "750 ಓಮ್, ಎಷ್ಟು ಪೀಸ್?" ಅನ್ನುತ್ತಲೇ ಕೈ ಡ್ರಾಯರಿಗೆ ಹೋಗಿರುತ್ತದೆ. ಕನೆಕ್ಟರ್, ತಂತಿ, ಸ್ಪೇಸರ್, 1 ಪರ್ಸೆಂಟಿನ ರೆಸಿಸ್ಟರ್, ಎಲ್ಲ ಅಲ್ಲೇ ಸಿಕ್ಕಿತು.

ಎನ್‌ಇ5534 ಆಪ್‌ಆಂಪ್ ಕೂಡ ಒಂದು ಅಂಗಡಿಯಲ್ಲಿ ಸಿಕ್ಕಿತು, ಬಹಳ ಅಗ್ಗಕ್ಕೆ. ಹತ್ತು ತಂದೆ. ಮನೆಗೆ ಬಂದು ಬೆಳಕಿನಲ್ಲಿ ಓರೆಯಾಗಿ ಹಿಡಿದಾಗ ಮೇಲ್ಮೈ ಸ್ವಲ್ಪ ಜಾಸ್ತಿಯೇ ಕಪ್ಪಾಗಿ, ಮ್ಯಾಟ್ ಆಗಿ ಕಂಡಿತು. ಹತ್ತಿಗೆ ಅಸಿಟೋನ್ ಹಾಕಿ ಉಜ್ಜಿದೆ. ಕಪ್ಪು ಹತ್ತಿಗೆ ಬಂತು. ಬಿಳಿ ಅಕ್ಷರಗಳು ಹೋದವು. ಕೆಳಗೆ ಹಳೆಯ ಬರಹವನ್ನು ಕೆರೆದ ಗೀರುಗಳು. ಯಾವುದೋ ಐಸಿಗೆ ಬಣ್ಣ ಬಳಿದು ಬೇರೆ ಹೆಸರು ಬರೆದಿದ್ದರು. ಹತ್ತೂ ಹಾಗೇ ಇದ್ದವು. ದುಡ್ಡು ಹೋದದ್ದು ದೊಡ್ಡದಲ್ಲ. ಇದನ್ನು ಹಾಕಿ ಬೋರ್ಡ್ ಕಟ್ಟಿಬಿಟ್ಟಿದ್ದರೆ ತಪ್ಪು ಎಲ್ಲಿ ಅಂತ ನಾನು ಎಷ್ಟು ವಾರ ಹುಡುಕುತ್ತಿದ್ದೆನೋ ಅಂತ ಬೇಜಾರಾಯಿತು. ಮೊದಲ ಸಲ ಸೋಲ್ಡರಿಂಗ್ ಐರನ್ ಹಿಡಿದ ಒಬ್ಬ ವಿದ್ಯಾರ್ಥಿಗೆ ಹೀಗಾದರೆ ಅವನು ತಪ್ಪು ತನ್ನದೇ ಅಂದುಕೊಂಡು ಬಿಟ್ಟೇಬಿಡುತ್ತಾನೆ. ಅದು ನನಗೆ ನಿಜವಾಗಿ ಸಿಟ್ಟು ತರಿಸುವ ವಿಷಯ.

ಅವತ್ತಿನಿಂದ ಪಟ್ಟಿಯಲ್ಲಿ ಒಂದು ಕಾಲಂ ಸೇರಿಸಿದೆ: ಎಲ್ಲಿಂದ. ಐಸಿ, ರೆಗ್ಯುಲೇಟರ್, ಆಸಿಲೇಟರ್ ಕಂಪನಿಯೇ ಒಪ್ಪಿದ ಡಿಸ್ಟ್ರಿಬ್ಯೂಟರಿಂದ ಮಾತ್ರ, ಕೊರಿಯರ್ ದುಡ್ಡು ಎಷ್ಟಾದರೂ ಸರಿ. ಅದರ ಜೊತೆಗೇ ನಾಲ್ಕು 2200 ಪಿಕೊಫ್ಯಾರಡ್ ಕೆಪಾಸಿಟರ್ ಕೂಡ. ಅವು 750 ಓಮ್‌ನ ಪಕ್ಕ ಕೂತು 96 ಕಿಲೋಹರ್ಟ್ಸ್‌ನಿಂದ ಮೇಲಿನದ್ದನ್ನು ಇಳಿಸುತ್ತಾ ಹೋಗುತ್ತವೆ. ಹಾಡು ಹಾದುಹೋಗುವುದು ಇವುಗಳ ಮೇಲೆಯೇ, ಆದ್ದರಿಂದ ಸಿ0ಜಿ ಜಾತಿಯದೇ ಬೇಕು. ನೋಡಲು ಅದೇ ಥರ ಇರುವ ಎಕ್ಸ್7ಆರ್ ಹಾಕಿದರೆ ಮೇಲಿನ ವೋಲ್ಟೇಜು ಬದಲಾದಂತೆ ಅದರ ಪಿಕೊಫ್ಯಾರಡ್ ಅಳತೆಯೂ ಬದಲಾಗುತ್ತದೆ. ಚಂಡೆಯ ಪೆಟ್ಟು ಬಿದ್ದಾಗ ಒಂದು ಕೆಪಾಸಿಟರ್, ಶ್ರುತಿ ಮಾತ್ರ ಇದ್ದಾಗ ಇನ್ನೊಂದು ಕೆಪಾಸಿಟರ್ ಇದ್ದ ಹಾಗೆ. ಕೌಂಟರ್‌ನಲ್ಲಿ "ಸೆರಾಮಿಕ್" ಅಂದರೆ ಯಾವುದು ಕೊಡುತ್ತಾರೋ ಹೇಳಲಾಗುವುದಿಲ್ಲ.

ಒಂದೇ ಗಡಿಯಾರ

ಪಟ್ಟಿಯನ್ನು ಕೊನೆಗೂ ಮುಚ್ಚಲು ಸಾಧ್ಯವಾದದ್ದು ಕ್ಲಾಕ್‌ನಿಂದ, ಅಂದರೆ ಐಸಿಗೆ ತಾಳ ಹಾಕುವ ಗಡಿಯಾರದಿಂದ. ಬಹಳಷ್ಟು ಡಿಸೈನ್‌ಗಳಲ್ಲಿ ಆ ತಾಳ ಹುಟ್ಟಿಸುವ ಆಸಿಲೇಟರ್ ಎರಡು ಇರುತ್ತವೆ. ಸಿಡಿ ಕುಟುಂಬದ 44.1 ಕಿಲೋಹರ್ಟ್ಸ್‌ಗೆ 22.5792 ಮೆಗಾಹರ್ಟ್ಸ್, 48ರ ಕುಟುಂಬಕ್ಕೆ 24.576. ಜೊತೆಗೆ ಯಾವುದು ಬೇಕು ಅಂತ ಬದಲಿಸುವ ಸರ್ಕ್ಯೂಟು, ಅದಕ್ಕೆ ಹೇಳಿಕೊಡುವ ಮೈಕ್ರೊಕಂಟ್ರೋಲರ್, ಅದಕ್ಕೆ ಪ್ರೋಗ್ರಾಮ್, ಅದಿದ್ದ ಮೇಲೆ ಡಿಸ್‌ಪ್ಲೇ, ರಿಮೋಟ್. ಪಟ್ಟಿ ಬೆಳೆಯುತ್ತಲೇ ಇತ್ತು. ಒಂದು ಭಾನುವಾರ ನನ್ನ ಸಂಗ್ರಹವನ್ನು ಪೂರ್ತಿ ಜಾಲಾಡಿದೆ. ಸಿಡಿಯಿಂದ ತೆಗೆದದ್ದು, ಕ್ಯಾಸೆಟ್ಟಿನಿಂದ ನಾನೇ ಇಳಿಸಿದ್ದು, ಎಲ್ಲ 44.1. ಬೇರೆಯದು ಒಂದು ಕೈಬೆರಳಿನಷ್ಟು, ಅದನ್ನೂ ನಾನು ಕೇಳುವುದಿಲ್ಲ. 24.576ನ್ನು ಹೊಡೆದುಹಾಕಿದೆ. ಅದರ ಹಿಂದೆ ಹದಿನಾಲ್ಕು ಸಾಲು ತಾವಾಗಿಯೇ ಹೋದವು. ಯುಎಸ್‌ಬಿ ಹೋಯಿತು, ಡಿಸ್‌ಪ್ಲೇ ಹೋಯಿತು.

ಉಳಿದದ್ದು ಇಷ್ಟು ಸರಳ. ಒಂದು 22.5792ರ ಆಸಿಲೇಟರ್, ಐಸಿಯ ಪಕ್ಕದಲ್ಲೇ. ಅದನ್ನು 74ಎಚ್‌ಸಿ4040 ಅನ್ನುವ ಹಳೆಯ ಕೌಂಟರ್ ಐಸಿಗೆ ಕೊಟ್ಟರೆ, ಒಂದು ಕಾಲಿನಲ್ಲಿ 8ರಿಂದ ಭಾಗಿಸಿದ 2.8224 ಮೆಗಾಹರ್ಟ್ಸ್ ಬರುತ್ತದೆ. ಇನ್ನೊಂದು ಕಾಲಿನಲ್ಲಿ 512ರಿಂದ ಭಾಗಿಸಿದ 44.1 ಕಿಲೋಹರ್ಟ್ಸ್. ಐ2ಎಸ್‌ಗೆ (ಪೈಯಿಂದ ಐಸಿಗೆ ಹಾಡಿನ ಡೇಟಾ ಹೋಗುವ ಮೂರು ತಂತಿಯ ಕ್ರಮ) ಬೇಕಾದ ಎರಡೂ ಗಡಿಯಾರ ಅವೇ. ಆ ಕೌಂಟರಿನ ಮನೆಗಳು ಒಂದು ಇನ್ನೊಂದನ್ನು ತಳ್ಳುತ್ತಾ ಹೋಗುತ್ತವೆ. ಹಾಗಾಗಿ 44.1 ಬದಲಾಗುವುದು 2.8224 ಕೆಳಗಿಳಿದ ಮೇಲೆಯೇ, ಐ2ಎಸ್ ನಿಯಮ ಕೇಳುವುದೂ ಅದನ್ನೇ. ಇದು ಹೊಳೆದಾಗ ಬಹಳ ಖುಷಿಯಾಯಿತು.

ಇಷ್ಟು ದಿನ ಪೈ ತನ್ನ 19.2 ಮೆಗಾಹರ್ಟ್ಸ್‌ನಿಂದ ಈ ಲೆಕ್ಕ ಹಾಕುತ್ತಿತ್ತು. 19.2ನ್ನು 2.8224ರಿಂದ ಭಾಗಿಸಿದರೆ 6.8 ಚಿಲ್ಲರೆ, ಪೂರ್ತಿ ಹೋಗುವುದಿಲ್ಲ. ಅದಕ್ಕೆ ಒಮ್ಮೆ ಉದ್ದ ಒಮ್ಮೆ ಗಿಡ್ಡ ಹೆಜ್ಜೆ ಹಾಕಿ ಸರಾಸರಿ ಸರಿ ಮಾಡಿಕೊಳ್ಳುತ್ತದೆ. ಆ ತಡವರಿಕೆ ನನ್ನ ಕಿವಿಗೆ ಕೇಳಿಸಿತು ಅಂತ ಹೇಳಲಾರೆ. ಆದರೆ ಪಿಸಿಎಂ1794ಎಗೆ ಹೇಗೂ ಸ್ವಂತ ಕ್ಲಾಕ್ ಬೇಕು, ಇದ್ದಮೇಲೆ ತಾಳ ಹಾಕುವುದು ಅದೇ ಆಗಲಿ. ಈಗ ಪೈ ತಾಳ ಕೇಳಿಸಿಕೊಂಡು ಡೇಟಾ ಕೊಡುತ್ತದೆ. ನಡುವೆ ಒಂದು ಡಿಜಿಟಲ್ ಐಸೊಲೇಟರ್ ಇಟ್ಟೆ, ಪೈಯ ಗ್ರೌಂಡು ಈ ಕಡೆ ತಾಗದ ಹಾಗೆ. ಹೋಗಿ ಬರುವ ಹಾದಿಯಲ್ಲಿ ಕೆಲವು ಹತ್ತು ನ್ಯಾನೊಸೆಕೆಂಡು ತಡವಾಗುತ್ತದೆ. 2.8224ರ ಒಂದು ಸುತ್ತು 354 ನ್ಯಾನೊಸೆಕೆಂಡು. ಬೇಕಾದಷ್ಟು ಬಿಡುವಿದೆ.

ಕಳೆದ ವಾರ ಚಿಕ್ಕಪ್ಪನಿಗೆ ಫೋನ್ ಮಾಡಿ ಆ 3ನೇ ಕ್ಯಾಸೆಟ್ಟಿನ ಬಗ್ಗೆ ಕೇಳಿದೆ. ಜನರೇಟರ್ ವಿಷಯ ತೆಗೆದ ಕೂಡಲೇ ಅವರಿಗೆ ನೆನಪಾಯಿತು. ಸದ್ದು ಟೇಪಿಗೆ ಬರಬಾರದು ಅಂತ ಅದನ್ನು ತೋಟದ ಆಚೆ ಇಡಿಸಿದ್ದರಂತೆ. "ಎರಡು ಗಂಟೆ ಮೇಲೆ ಡೀಸೆಲ್ ಮುಗೀತಾ ಬಂದು ಎಳೀತಾ ಇತ್ತು ಮಾರಾಯ, ಲೈಟೆಲ್ಲ ಮಂಕಾಗಿತ್ತು" ಅಂದರು. ಫೋನ್ ಇಟ್ಟು ಫೈಲ್ ಮತ್ತೆ ತೆರೆದೆ. ಶುರುವಿನಲ್ಲಿ ಹಮ್ 99ರಲ್ಲಿದೆ. ಕ್ಯಾಸೆಟ್ಟಿನ ಕೊನೆಗೆ ಬರುವಾಗ 97. ಟೇಪಿನ ಓಟವೂ ಸ್ವಲ್ಪ ಸೇರಿರಬಹುದು, ಆದರೆ ಇಳಿದಿದ್ದು ಒಂದೇ ದಿಕ್ಕಿಗೆ. ಅದನ್ನು ಫಿಲ್ಟರ್ ಹಾಕಿ ತೆಗೆಯಲು ಐದು ನಿಮಿಷ ಸಾಕು. ತೆಗೆಯಲಿಲ್ಲ. ಆ ಇಳಿಯುವ ಸದ್ದು ಚಿಕ್ಕಪ್ಪನಿಗೆ ಕೇಳಿಸಬೇಕು, ಅದರ ಪಕ್ಕ ನನ್ನ 100 ಇರಬಾರದು.

ಪಟ್ಟಿ ಈಗ 41 ಸಾಲು. ಐಸಿಗಳಿಗೆ ಆರ್ಡರ್ ಹೋಗಿದೆ. ಟ್ರಾನ್ಸ್‌ಫಾರ್ಮರ್ ಸುತ್ತಲು ಕೊಟ್ಟು ಬಂದೆ, 15-0-15, ಜೊತೆಗೆ ಡಿಜಿಟಲ್ ಕಡೆಗೆ ಬೇರೆ 9 ವೋಲ್ಟಿನ ಸುತ್ತು. ಶುಕ್ರವಾರ ಬನ್ನಿ ಅಂದಿದ್ದಾರೆ.